ಊರ ದಾಖಲೆಯಲ್ಲಿ ಮನೆತನದ ಹೆಸರು: ಮರಳೂರಿನಿಂದ ಕೈದಾಳದವರೆಗೆ

ತುಮಕೂರು ನಗರದೊಳಗೆ ಇಂದು ಸೇರಿಹೋಗಿರುವ ಮರಳೂರು ಒಂದು ಕಾಲಕ್ಕೆ ತನ್ನದೇ ಕೆರೆ, ತನ್ನದೇ ಹೊಲಗದ್ದೆಗಳಿದ್ದ ಹಳ್ಳಿ. ಹೊರಗಿನವರಿಗೆ ಈ ಹೆಸರು ಪರಿಚಿತವಾಗಿರುವುದು ಬಹುಮಟ್ಟಿಗೆ ಶ್ರೀ ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯದ ವಿಳಾಸವಾಗಿ, ನಗರದ ಒಂದು ಬಡಾವಣೆಯಾಗಿ, ದಿಣ್ಣೆಯ ಮೇಲೆ ಬೆಳೆದ ಮನೆಗಳ ಸಾಲಾಗಿ. ನಗರವು ಹಳ್ಳಿಯನ್ನು ನುಂಗಿದಾಗ ಮೊದಲು ಮರೆಯಾಗುವುದು ಹೊಲಗಳ ಹೆಸರು, ಆಮೇಲೆ ಆ ಹೊಲಗಳನ್ನು ಉಳುತ್ತಿದ್ದ ಮನೆತನಗಳ ನೆನಪು. ಇಂತಹ ಊರಿನಿಂದ ಬಂದ ಕುಟುಂಬವೊಂದರ ಯುವಕನೋ ಯುವತಿಯೋ ತಾತನ ತಾತ ಯಾರು, ಅವರು ಎಲ್ಲಿಂದ ಬಂದರು, ಏನು ಮಾಡುತ್ತಿದ್ದರು ಎಂದು ಕೇಳಿದರೆ ಉತ್ತರ ಹುಡುಕಬೇಕಾದದ್ದು ಎಲ್ಲಿ? ಊರಿನ ಚರಿತ್ರೆ ಮತ್ತು ಮನೆತನದ ಚರಿತ್ರೆ ಒಂದನ್ನೊಂದು ಮುಟ್ಟುವ ಸ್ಥಳ ಯಾವುದು?

ರಾಜ್ಯಕ್ಕೆ ಪತ್ರಾಗಾರವಿದೆ, ಮಠಗಳಿಗೆ ಭಂಡಾರಗಳಿವೆ. ಹಳ್ಳಿಗೆ ಅಂತಹ ಕಟ್ಟಡವಿಲ್ಲ. ಆದರೂ ಹಳ್ಳಿಗೆ ಪತ್ರಾಗಾರವೇ ಇರಲಿಲ್ಲ ಎಂದು ಹೇಳಲಾಗದು. ಅದು ಹಲವು ಕಡೆ ಹಂಚಿಹೋಗಿದೆ. ಒಂದು ಪಾಲು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ, ಮತ್ತೊಂದು ಹಿಂದಿನ ಶಾನುಭೋಗರ ಮನೆಯ ಅಟ್ಟದ ಮೇಲೆ, ಇನ್ನೊಂದು ಗುಡಿಯ ಅಥವಾ ಬಸದಿಯ ಗೋಡೆಯ ಪಕ್ಕದ ಕಲ್ಲಿನಲ್ಲಿ, ಉಳಿದದ್ದು ಹಿರಿಯರ ನಾಲಗೆಯ ಮೇಲೆ. ಈ ನಾಲ್ಕೂ ಕಡೆ ಸಾಮಾನ್ಯ ಕುಟುಂಬವೊಂದರ ಹೆಸರು ಬರಹಕ್ಕೆ ಬಂದಿರುವುದು ವಂಶವನ್ನು ಕೊಂಡಾಡುವುದಕ್ಕಾಗಿ ಅಲ್ಲ. ಯಾರೋ ಏನನ್ನೋ ಕೊಟ್ಟಾಗ, ಯಾರೋ ಏನನ್ನೋ ತೆರಬೇಕಾದಾಗ, ಯಾರೋ ತೀರಿಕೊಂಡಾಗ ಹೆಸರು ಬರೆಯಲ್ಪಟ್ಟಿದೆ. ದಾನ, ತೆರಿಗೆ, ಸಾವು ಎಂಬ ಈ ಮೂರು ಸಂದರ್ಭಗಳನ್ನು ಬಿಟ್ಟು ಊರ ದಾಖಲೆಗಳನ್ನು ಓದಿದವರು ಅವುಗಳಿಂದ ಇಲ್ಲದ ಅರ್ಥವನ್ನು ಹೊರಡಿಸುತ್ತಾರೆ. ಸಂದರ್ಭವನ್ನು ಗಮನಿಸಿದವರಿಗೆ ಅವು ಕೇಳದ ಪ್ರಶ್ನೆಗಳಿಗೂ ಉತ್ತರ ಕೊಡುತ್ತವೆ.

ಮನೆತನದ ಶೋಧನೆ ಇಂದಿನಿಂದ ಹಿಂದಕ್ಕೆ ನಡೆಯಬೇಕೇ ಹೊರತು ಪ್ರಾಚೀನದಿಂದ ಮುಂದಕ್ಕೆ ಅಲ್ಲ. ಹಾಗಾಗಿ ಮೊದಲ ದಾಖಲೆ ಪಹಣಿ. ಅದರ 9ನೆಯ ಕಾಲಂನಲ್ಲಿ ಭೂಮಿಯ ಹಕ್ಕುದಾರನ ಹೆಸರಿದ್ದರೆ, 10ನೆಯ ಕಾಲಂನಲ್ಲಿ ಆ ಹಕ್ಕು ಅವನಿಗೆ ಯಾವ ರೀತಿಯಿಂದ ಬಂತು ಎಂಬ ಸೂಚನೆಯಿರುತ್ತದೆ. ಕ್ರಯ, ವಿಭಾಗ, ದಾನ, ಪೌತಿ ಎಂಬ ಒಂದೇ ಪದ ಮತ್ತು ಅದರ ಮುಂದಿನ ಎಂ.ಆರ್. ಸಂಖ್ಯೆ, ಇಷ್ಟೇ. ಆದರೆ ಆ ಸಂಖ್ಯೆ ಹಿಂದಿನ ತಲೆಮಾರಿನ ಬಾಗಿಲು. ಪೌತಿ ಎಂಬುದು ಅರಬ್ಬಿ ಮೂಲದ ಪದ, ಮರಣ ಎಂದರ್ಥ. ಮನೆಯ ಯಜಮಾನ ತೀರಿಕೊಂಡ ಮೇಲೆ ಖಾತೆ ಬದಲಾಗುವಾಗ ವಾರಸುದಾರರು ಯಾರು ಎಂದು ವಿಚಾರಿಸಿ ವಂಶವೃಕ್ಷ ಬರೆಯುವ ಪದ್ಧತಿ ಇಂದಿಗೂ ಇದೆ. ಹೀಗೆ ಒಂದು ಸಾವಿನಿಂದ ಇನ್ನೊಂದು ಸಾವಿಗೆ ಹಿಂದಕ್ಕೆ ಸಾಗಿ, ಆಕಾರಬಂದ್ ಮತ್ತು ಟಿಪ್ಪಣಿಗಳ ನೆರವಿನಿಂದ ಜಮೀನಿನ ಗಡಿಯನ್ನು ಗುರುತಿಸುತ್ತ ಹೋದರೆ, 1863ರಲ್ಲಿ ಮೈಸೂರು ಸೀಮೆಯಲ್ಲಿ ಆರಂಭವಾದ ಕಂದಾಯ ಸರ್ವೆಯ ಕಾಲದವರೆಗೆ ತಲುಪುವುದು ಅಸಾಧ್ಯವಲ್ಲ.

ಆ ಸರ್ವೆ ಹಳ್ಳಿಯ ಭೂಮಿಗೆ ಸಂಖ್ಯೆಗಳನ್ನು ಕೊಟ್ಟಿತು. ಅದಕ್ಕೂ ಮೊದಲು ಹೊಲಕ್ಕೆ ಹೆಸರಿತ್ತು, ಅಳತೆಗೆ ಬಿತ್ತನೆಯ ಬೀಜವಿತ್ತು. ಎಷ್ಟು ಖಂಡುಗ, ಎಷ್ಟು ಕೊಳಗ ಬೀಜ ಹಿಡಿಯುತ್ತದೆ ಎಂಬುದೇ ಭೂಮಿಯ ಪರಿಮಾಣ. ಎಕರೆ ಗುಂಟೆಗಳಲ್ಲಿ ಅಳೆದ ನೆಲವನ್ನು ಕಾಗದದ ಮೇಲೆ ಸಂಖ್ಯೆಯಿಂದ ಕರೆದರೂ ಊರಿನ ಮಾತಿನಲ್ಲಿ ಹಳೆಯ ಹೆಸರುಗಳು ಬಹುಕಾಲ ಉಳಿದವು. ಕೊಡಗಿ, ಮಾನ್ಯ, ಇನಾಮು ಎಂಬ ಪದಗಳು ಅಂಟಿಕೊಂಡಿರುವ ಹೊಲಗಳು ಎಲ್ಲಿದ್ದರೂ ಅವುಗಳ ಹಿಂದೆ ಒಂದು ಕುಟುಂಬದ ಸೇವೆ ಅಥವಾ ಬಲಿದಾನವಿರುವ ಸಾಧ್ಯತೆಯಿದೆ. ಕೆರೆಯನ್ನು ಕಟ್ಟಿದವನಿಗೆ, ಕಾಯ್ದವನಿಗೆ ಬಿಟ್ಟ ಭೂಮಿ ಕೆರೆಗೊಡಗಿ. ಊರಿಗಾಗಿ ಕಾದಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗಿ. ವೀರಗಲ್ಲಿನ ಮೇಲೆ ಹೆಸರಿರುವ ಸಾಮಾನ್ಯ ಮನುಷ್ಯನಿಗೂ ಅವನ ಮಕ್ಕಳು ಉಳುತ್ತಿದ್ದ ನೆಲಕ್ಕೂ ಇರುವ ಸಂಬಂಧ ಈ ಒಂದು ಪದದಲ್ಲಿದೆ.

ಹಾಗೆಯೇ ತೋಟಿ, ತಳವಾರ, ನೀರಗಂಟಿ ಮೊದಲಾದ ಗ್ರಾಮಸೇವೆಯ ಮನೆತನಗಳು. ಕಾವ್ಯಗಳಲ್ಲಿ, ರಾಜಶಾಸನಗಳಲ್ಲಿ ಇವರ ವಂಶಾವಳಿ ಸಿಗುವುದು ವಿರಳ. ಆದರೆ ಸೇವೆಗಾಗಿ ಬಿಟ್ಟ ಇನಾಮು ಭೂಮಿಯ ಕಾರಣದಿಂದ ಅವರ ಹೆಸರುಗಳು ಲೆಕ್ಕಪುಸ್ತಕ ಸೇರಿದವು. 1961ರ ಕರ್ನಾಟಕ ಗ್ರಾಮ ಕಚೇರಿಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು, ಪಟೇಲ, ಶಾನುಭೋಗಿಕೆಗಳೊಡನೆ ಈ ವಂಶಪಾರಂಪರ್ಯ ಹುದ್ದೆಗಳೂ ಕೊನೆಗೊಂಡಾಗ, ಆ ಭೂಮಿಗಳನ್ನು ಹಿಂದಿನ ಸೇವಾದಾರರಿಗೆ ಮರುಮಂಜೂರು ಮಾಡಲು ಅವಕಾಶವಾಯಿತು. ಮರುಮಂಜೂರಾತಿ ಕೇಳಿದವರು ತಮ್ಮ ಹಕ್ಕನ್ನು ತೋರಿಸಬೇಕಿತ್ತು. ಎಂದರೆ ತಾವು ಯಾರ ಮಕ್ಕಳು, ಆ ಸೇವೆ ತಮ್ಮ ಮನೆಗೆ ಹೇಗೆ ಬಂತು ಎಂಬುದನ್ನು ಹೇಳಬೇಕಿತ್ತು. ಶತಮಾನಗಳ ಕಾಲ ಊರನ್ನು ಕಾಯ್ದು ನೀರು ಹಂಚಿದ, ಅನೇಕ ವೇಳೆ ಅಸ್ಪೃಶ್ಯತೆಯ ನೋವುಂಡ ಕುಟುಂಬಗಳ ಪಾಲಿಗೆ ತಮ್ಮ ಪೂರ್ವಿಕರ ಹೆಸರು ಕ್ರಮವಾಗಿ ಸಿಗುವ ಲಿಖಿತ ಆಧಾರ ಬಹುಶಃ ಇದೊಂದೇ. ಅದನ್ನು ಬರಿಯ ಜಮೀನಿನ ಕಡತವೆಂದು ಬದಿಗಿಡುವ ಸಂಶೋಧಕ ಊರಿನ ಚರಿತ್ರೆಯ ಅರ್ಧವನ್ನು ಬದಿಗಿಟ್ಟಂತೆ.

ಇದೇ ಕಾಯಿದೆ ಇನ್ನೊಂದು ಪರಿಣಾಮವನ್ನೂ ಉಂಟುಮಾಡಿತು. ಶಾನುಭೋಗಿಕೆ ಮನೆಯ ವೃತ್ತಿಯಾಗಿದ್ದಾಗ ಲೆಕ್ಕದ ಕಟ್ಟುಗಳೂ ಮನೆಯಲ್ಲೇ ಇರುತ್ತಿದ್ದವು. ಅವುಗಳಲ್ಲಿ ಬಹಳ ಹಳೆಯವು ಕಡತಗಳು. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಸೇರಿಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿ, ಬಳಪದಿಂದ ಬರೆದ ಕಪ್ಪು ಪುಸ್ತಕಗಳು ಅವು. ಬೇಕಾದಾಗ ಒರಸಿ ಮತ್ತೆ ಬರೆಯಬಹುದಾದ ಈ ಬರಹಸಾಧನ ಅಕ್ಷರಗಳನ್ನು ಎಷ್ಟು ಕಾಲ ಕಾಯಬಲ್ಲದು ಎಂಬುದಕ್ಕೆ ಶೃಂಗೇರಿ ಮಠದ ಕಡತಗಳೇ ಸಾಕ್ಷಿ. 1916ರಲ್ಲಿ ಆರ್. ನರಸಿಂಹಾಚಾರ್ಯರು ಆ ಮಠದ ಸಂಗ್ರಹದಲ್ಲಿ ಟಿಪ್ಪು ಸುಲ್ತಾನನು ಜಗದ್ಗುರುಗಳಿಗೆ ಬರೆದ ಪತ್ರಗಳನ್ನು ಬೆಳಕಿಗೆ ತಂದದ್ದು ಮೈಸೂರು ಚರಿತ್ರೆಯ ಒಂದು ಮುಖವನ್ನೇ ಬದಲಿಸಿತು. ಮಠದಲ್ಲಿದ್ದ ಕಾಗದಗಳಿಗೆ ಕಾಯುವವರಿದ್ದರು. ಹಳ್ಳಿಯ ಶಾನುಭೋಗರ ಮನೆಯಲ್ಲಿ ಉಳಿದವುಗಳಿಗೆ ಹುದ್ದೆ ಹೋದ ಮೇಲೆ ಕಾಯುವ ಕಾರಣವೇ ಇಲ್ಲವಾಯಿತು. ಮನೆ ಪಾಲಾದಾಗ, ಹೆಂಚಿನ ಮಾಡು ಕೆಡವಿ ತಾರಸಿ ಹಾಕಿದಾಗ ಅಟ್ಟದ ಗಂಟುಗಳು ಒಲೆಗೋ ಹೊಳೆಗೋ ಸೇರಿದವು. ಶಿಥಿಲವಾದ ಓಲೆಗಳನ್ನು ಭಕ್ತಿಯಿಂದಲೇ ನೀರಿಗೆ ಬಿಡುವ ಪದ್ಧತಿ ನಮ್ಮಲ್ಲಿತ್ತು. ಆ ಭಕ್ತಿಗೆ ಬಲಿಯಾದ ಚರಿತ್ರೆಯೂ ಕಡಿಮೆಯಲ್ಲ.

ಸರ್ವೆಗಿಂತ ಹಿಂದಕ್ಕೆ ಹೋಗಲು ಇರುವ ಮತ್ತೊಂದು ದಾರಿ ಕೈಫಿಯತ್ತುಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಯ ಸರ್ವೆಗೆ ನಿಯುಕ್ತನಾದ ಕಾಲಿನ್ ಮೆಕೆಂಜಿ ಬೆಟ್ಟಹೊಳೆಗಳ ಅಳತೆಯೊಡನೆ ಊರೂರಿನ ವೃತ್ತಾಂತಗಳನ್ನೂ ಬರೆಯಿಸಿದನು. ಅವನಿಗೆ ನೆರವಾದವರಲ್ಲಿ ಕಾವಲಿ ಸೋದರರ ಹೆಸರು ಪ್ರಸಿದ್ಧವಾಗಿದೆ. ಹಳಗನ್ನಡ ಶಾಸನಗಳನ್ನು ಓದಿ ತಿಳಿಸಿದ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಅದೇ ಮಲೆಯೂರು ಕನಕಗಿರಿಯ ಪರಿಸರದ ದೇವಚಂದ್ರನು 1804ರಲ್ಲಿ ಮೆಕೆಂಜಿಯನ್ನು ಕಂಡು, ಮುಂದೆ 1838ರ ವೇಳೆಗೆ ‘ರಾಜಾವಳೀ ಕಥೆ’ಯನ್ನು ಪೂರೈಸಿದನು. ಸರ್ವೆಯ ಪ್ರಶ್ನೆಗಳು ಒಬ್ಬ ಜೈನ ವಿದ್ವಾಂಸನೊಳಗೆ ಚರಿತ್ರೆ ಬರೆಯುವ ಬಯಕೆಯನ್ನು ಹುಟ್ಟಿಸಿದ ಅಪರೂಪದ ಸಂದರ್ಭವಿದು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದ ಮೇಲೆ ಸಂಶೋಧಕರ ಕೈಗೆ ಅವು ಸುಲಭವಾಗಿ ಸಿಗುವಂತಾದವು.

ಆದರೆ ಕೈಫಿಯತ್ತು ಕೇಳಿದವನಿಗೆ ಕೊಟ್ಟ ಉತ್ತರ. ಪ್ರಭುತ್ವ ಬದಲಾದ ಗಳಿಗೆಯಲ್ಲಿ, ಯಾರ ಮಾನ್ಯ ಉಳಿಯುತ್ತದೆ ಯಾರದು ಹೋಗುತ್ತದೆ ಎಂಬ ಆತಂಕದ ನಡುವೆ, ಸರ್ಕಾರದ ಕಡೆಯವರ ಎದುರಿಗೆ ಊರಿನ ಮುಖ್ಯಸ್ಥರು ಹೇಳಿದ ಮಾತು ಅದು. ಪೂರ್ವಿಕರ ಪರಾಕ್ರಮ, ಅವರಿಗೆ ಸಿಕ್ಕ ಸನ್ನದು, ಅವರು ನಿರ್ಮಿಸಿದ ಗುಡಿಕೆರೆಗಳು ಅಲ್ಲಿ ಉಬ್ಬಿಕೊಂಡು ಬಂದಿದ್ದರೆ ಆಶ್ಚರ್ಯವಿಲ್ಲ. ಅದನ್ನು ಸುಳ್ಳೆಂದು ತಳ್ಳುವುದೂ ಸರಿಯಲ್ಲ, ವಂಶಾವಳಿಯೆಂದು ನಕಲು ಮಾಡಿಕೊಳ್ಳುವುದೂ ಸರಿಯಲ್ಲ. 1800ರ ಸುಮಾರಿಗೆ ಒಂದು ಮನೆತನವು ತನ್ನನ್ನು ಹೇಗೆ ಕಾಣಿಸಿಕೊಳ್ಳಲು ಬಯಸಿತು ಎಂಬುದಕ್ಕೆ ಮಾತ್ರ ಅದು ನಿಸ್ಸಂಶಯವಾದ ದಾಖಲೆ.

ಕೈಫಿಯತ್ತಿಗೂ ಹಿಂದಕ್ಕೆ ಕಲ್ಲುಗಳು. ತುಮಕೂರು, ಗುಬ್ಬಿ, ಕುಣಿಗಲ್ ಪ್ರದೇಶದ ಶಾಸನಗಳು ಒಟ್ಟಾಗಿ ಪ್ರಕಟವಾದದ್ದು 1904ರಲ್ಲಿ, ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ. ಆ ಸಂಪುಟದ ವಿನ್ಯಾಸವೇ ತಾಲ್ಲೂಕು, ಊರು ಎಂಬ ಕ್ರಮದಲ್ಲಿದೆ. ಚರಿತ್ರೆಯ ವಿದ್ಯಾರ್ಥಿಗಳು ಅದನ್ನು ರಾಜವಂಶಗಳ ಕಾಲಾನುಕ್ರಮಕ್ಕಾಗಿ ತಿರುವುತ್ತಾರೆ. ಊರಿನ ಚರಿತ್ರೆ ಬರೆಯುವವರಿಗೆ ಅದರ ಮೂಲ ವಿನ್ಯಾಸವೇ ಹೆಚ್ಚು ಉಪಯುಕ್ತ. ತಮ್ಮ ಊರಿನ ಹೆಸರಿರುವ ಶಾಸನವನ್ನಷ್ಟೇ ನೋಡದೆ ಸುತ್ತಣ ಊರುಗಳ ಶಾಸನಗಳನ್ನೂ ನೋಡುವುದು ಅಗತ್ಯ. ಕಲ್ಲು ನಿಂತಿರುವುದು ಒಂದು ಊರಿನಲ್ಲಾದರೂ ದಾನದ ಭೂಮಿ, ಗಡಿಯ ಗುರುತು, ಸಾಕ್ಷಿಗಳ ಹೆಸರು ಪಕ್ಕದ ಊರುಗಳಿಗೂ ಚಾಚಿರುತ್ತವೆ. ಊರಿನ ಹೆಸರಿನ ವಿಚಾರವೂ ಹಾಗೆಯೇ. ಮರಳೂರು ಎಂದೊಡನೆ ಮರಳಿನ ಊರು ಎಂದುಬಿಡುವುದು ಸುಲಭ. ಶಾಸನದಲ್ಲಿಯೋ ಹಳೆಯ ಲೆಕ್ಕದಲ್ಲಿಯೋ ದೊರೆಯುವ ಪ್ರಾಚೀನ ರೂಪವನ್ನು ಮುಂದಿಟ್ಟುಕೊಂಡ ನಂತರವೇ ಅರ್ಥ ಹೇಳಬೇಕೆಂಬುದು ಸ್ಥಳನಾಮ ಅಧ್ಯಯನದ ಮೊದಲ ಪಾಠ.

ಮರಳೂರಿನ ನೆರೆಯಲ್ಲಿ, ಗೂಳೂರಿಗೆ ಹೊಂದಿಕೊಂಡಂತಿರುವ ಕೈದಾಳ ಈ ಮಾತಿಗೆ ಒಳ್ಳೆಯ ನಿದರ್ಶನ. ಅಲ್ಲಿನ ಚೆನ್ನಕೇಶವ, ಗಂಗಾಧರೇಶ್ವರ ಗುಡಿಗಳನ್ನು ನೋಡಲು ಬರುವವರು ಕೇಳಿಸಿಕೊಳ್ಳುವುದು ಜಕಣಾಚಾರಿಯ ಕಥೆಯನ್ನು. ಆದರೆ 1150-51ರ ಶಾಸನ ಹೇಳುವುದು ಬೇರೊಬ್ಬನ ವಿಚಾರವನ್ನು. ಹೊಯ್ಸಳ ನಾರಸಿಂಹನ ಕಾಲದಲ್ಲಿ ಮರುಗರೆನಾಡನ್ನು ಆಳುತ್ತಿದ್ದ ಸಾಮಂತ ಗೂಳಿ ಬಾಚಿ ಅಲ್ಲಿ ಶಿವಾಲಯವನ್ನು ಕಟ್ಟಿಸಿದನು, ವಿಷ್ಣುವಿನ ಆಲಯವನ್ನು ಕಟ್ಟಿಸಿದನು, ತನ್ನ ಪತ್ನಿ ಭೀಮಲೆಯ ಹೆಸರಿನಲ್ಲಿ ಭೀಮ ಜಿನಾಲಯವನ್ನೂ ಕಟ್ಟಿಸಿದನು. ಮಾಹೇಶ್ವರ, ಬೌದ್ಧ, ವೈಷ್ಣವ, ಆರ್ಹತ ಎಂಬ ನಾಲ್ಕು ಸಮಯಗಳಿಗೂ ಆಶ್ರಯ ಕೊಟ್ಟವನೆಂದು ಆ ಶಾಸನ ಅವನನ್ನು ಬಣ್ಣಿಸುತ್ತದೆ. ಸಮನ್ವಯದ ಉದಾಹರಣೆಯಾಗಿ ವಿದ್ವಾಂಸರು ಈ ಶಾಸನವನ್ನು ಉದ್ಧರಿಸುವುದುಂಟು. ಮನೆತನದ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಅದಕ್ಕಿಂತ ಹತ್ತಿರದ ಒಂದು ಸಂಗತಿ ಕಾಣುತ್ತದೆ. ನಾಡಿನ ಧರ್ಮನೀತಿಯೆಂದು ನಾವು ಕರೆಯುವುದರ ಒಂದು ಬೇರು ಒಂದು ಮನೆಯ ಒಳಗಿತ್ತು. ಹೆಂಡತಿಯ ಹೆಸರನ್ನು ಉಳಿಸುವುದಕ್ಕೆ ಗಂಡನು ಆರಿಸಿಕೊಂಡದ್ದು ಜಿನಾಲಯವನ್ನು.

ಇಂತಹ ಮನೆ ಇದೊಂದೇ ಅಲ್ಲ. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1131ರಲ್ಲಿ ತುಮಕೂರಿಗೆ ದೂರವಲ್ಲದ ಶಿವಗಂಗೆಯಲ್ಲಿ ತೀರಿಕೊಂಡಳು. ಆ ಬಳಿಕ ಅವಳ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳಕ್ಕೆ ಬಂದು ಸನ್ಯಸನ ವಿಧಿಯಿಂದ ದೇಹವನ್ನು ತ್ಯಜಿಸಿದಳು. ತಂದೆ ಮಾರಸಿಂಗಯ್ಯ ಶೈವ, ತಾಯಿಯೂ ಮಗಳೂ ಜಿನಭಕ್ತೆಯರು. ಮಾಚಿಕಬ್ಬೆಯ ನೆನಪಿನ ಶಾಸನ ಆಕೆ ಮಾರಸಿಂಗಯ್ಯನ ಹೆಂಡತಿ ಎಂದಷ್ಟೇ ಹೇಳಿ ನಿಲ್ಲುವುದಿಲ್ಲ. ಬಲದೇವ ದಂಡನಾಯಕ ಮತ್ತು ಬಾಚಿಕಬ್ಬೆಯರ ಮಗಳೆಂದು ಅವಳ ತವರನ್ನೂ ಹೇಳುತ್ತದೆ. ಸತ್ತವರಿಗಾಗಿ ನಿಲ್ಲಿಸಿದ ನಿಸಿದಿಗಲ್ಲುಗಳು ಮನೆತನದ ಚರಿತ್ರೆಗೆ ಇಷ್ಟು ಮುಖ್ಯವಾಗಿರುವುದು ಈ ಕಾರಣದಿಂದ. ಭೂದಾಖಲೆಯಲ್ಲಿ ಸಾವು ಆಸ್ತಿಯ ಹಸ್ತಾಂತರವಾದರೆ, ನಿಸಿದಿಯಲ್ಲಿ ಅದು ಒಬ್ಬ ವ್ಯಕ್ತಿಯ ಸಾಧನೆ. ಹೆಣ್ಣಿನ ಹೆಸರಿಗೆ ಅಲ್ಲಿ ಎಡೆ ದೊರೆತಿದೆ.

ಹಸ್ತಪ್ರತಿಗಳ ಕೊನೆಯ ಪುಷ್ಪಿಕೆಗಳಲ್ಲಿಯೂ ಇದೇ ಬೆಳಕಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಮಹಾಬಂಧದ ಓಲೆಪ್ರತಿಯನ್ನು ಶಾಂತಿಸೇನನ ಪತ್ನಿ ಮಲ್ಲಿಕಬ್ಬೆ ಶ್ರೀಪಂಚಮೀ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗೆ ಶಾಸ್ತ್ರದಾನ ಮಾಡಿದಳು. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಸೂಚಿಯನ್ನು ವಿದ್ಯಾರ್ಥಿಗಳು ಕೃತಿಗಳ ಹೆಸರಿಗಾಗಿ ನೋಡುತ್ತಾರೆ. ಬರೆದವರಾರು, ಬರೆಯಿಸಿದವರಾರು, ಯಾರ ಪುಣ್ಯಕ್ಕಾಗಿ ಎಂಬ ಪ್ರಶ್ನೆಯಿಂದ ಹಸ್ತಪ್ರತಿಗಳನ್ನು ನೋಡಿದರೆ ಎಷ್ಟೋ ಶ್ರಾವಕ ಮನೆತನಗಳ ಚದುರಿದ ಕೊಂಡಿಗಳು ಕೈಗೆ ಸಿಗುತ್ತವೆ.

ಇದಕ್ಕೆ ಹೋಲಿಸಿದರೆ ನಮಗೆ ಹತ್ತಿರದ ಕಾಲದ ದಾಖಲೆಗಳೇ ಹೆಣ್ಣಿನ ವಿಚಾರದಲ್ಲಿ ಹೆಚ್ಚು ಜಿಪುಣವಾಗಿವೆ. ಕಂದಾಯ ಕಾಗದಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರು, ಮದುವೆಯಾದ ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು. ಆ ಎರಡಕ್ಷರದಲ್ಲಿ ಅವಳ ತವರು ಅಳಿಸಿಹೋಗುತ್ತದೆ. ಭೂಮಿಯಲ್ಲಿ ಪಾಲಿಲ್ಲದ ಮಗಳನ್ನು ವಂಶವೃಕ್ಷದಲ್ಲಿ ಬರೆಯದೆ ಬಿಡುವುದು ರೂಢಿಯೇ ಆಗಿತ್ತು. ಮೈಸೂರು ಸಂಸ್ಥಾನದ 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ, 1994ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಉತ್ತರಾಧಿಕಾರದ ತಿದ್ದುಪಡಿ, 2005ರ ಕೇಂದ್ರ ತಿದ್ದುಪಡಿ, ಇವು ಒಂದೊಂದೂ ಹೆಣ್ಣುಮಕ್ಕಳ ಹೆಸರನ್ನು ದಾಖಲೆಯೊಳಗೆ ತಂದ ಮೆಟ್ಟಿಲುಗಳು. ತುಳುನಾಡಿನ ಜೈನ ಮನೆತನಗಳಲ್ಲಿ ಅಳಿಯಸಂತಾನದ ಕಟ್ಟು ಇದ್ದುದರಿಂದ ವಂಶ ತಾಯಿಯ ಕಡೆಯಿಂದ ಎಣಿಸಲ್ಪಟ್ಟಿತು. ಒಂದೇ ಧರ್ಮದವರ ವಂಶವೃಕ್ಷ ಘಟ್ಟದ ಮೇಲೆ ಒಂದು ರೀತಿ, ಘಟ್ಟದ ಕೆಳಗೆ ಇನ್ನೊಂದು ರೀತಿ. ವಂಶವೃಕ್ಷವೆಂಬುದು ರಕ್ತಸಂಬಂಧದ ಚಿತ್ರವೆಂದು ತೋರಿದರೂ ಅದು ನಿಜವಾಗಿ ಆಯಾ ಕಾಲದೇಶಗಳ ಆಸ್ತಿಹಕ್ಕಿನ ಚಿತ್ರ.

ಮನೆತನದ ಶೋಧದಲ್ಲಿ ತಾಯಿಯ ಹೆಸರು ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಕನ್ನಡದ ಆದಿಕವಿಯ ಉದಾಹರಣೆಯೇ ಇದೆ. ಪಂಪನು ತನ್ನ ಕಾವ್ಯದಲ್ಲಿ ಮಾಧವ ಸೋಮಯಾಜಿಯಿಂದ ತಂದೆಯವರೆಗೆ ಪಿತೃಪರಂಪರೆಯನ್ನು ಹೇಳಿ, ತಂದೆಯ ಕಾಲಕ್ಕೆ ಮನೆ ಜಿನಧರ್ಮಕ್ಕೆ ಬಂದುದನ್ನು ತಿಳಿಸಿದನು. ತಾಯಿಯ ಹೆಸರು ಲೋಕಕ್ಕೆ ತಿಳಿದದ್ದು ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲ ಎಂಬ ಹಳ್ಳಿಯ ಬಂಡೆಯಿಂದ. ಕವಿಯ ತಮ್ಮ ಜಿನವಲ್ಲಭ ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಬರೆಯಿಸಿದ ಆ ಶಾಸನ ತಂದೆ ಭೀಮಪಯ್ಯನನ್ನೂ ತಾಯಿ ಅಬ್ಬಣಬ್ಬೆಯನ್ನೂ ಹೆಸರಿಸಿ, ಆಕೆಯನ್ನು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆಗೆ ಜೋಡಿಸುತ್ತದೆ. ವೆಂಗಿನಾಡಿನ ಮನೆತನವೊಂದು ಕನ್ನಡನಾಡಿನೊಡನೆ ಬೆಸೆದುಕೊಂಡದ್ದು ಹೇಗೆ ಎಂಬುದು ತಾಯಿಯ ತವರಿನಿಂದ ಸ್ಪಷ್ಟವಾಯಿತು. ಕಾವ್ಯವನ್ನು ಮಾತ್ರ ಓದಿದ್ದರೆ ಈ ಕೊಂಡಿ ಎಂದಿಗೂ ಸಿಗುತ್ತಿರಲಿಲ್ಲ.

ಕೊನೆಯದಾಗಿ ಬಾಯಿಮಾತಿನ ಆಧಾರ. ಕರ್ನಾಟಕದ ಹಲವು ಕಡೆ ಹೆಳವರು ಎತ್ತಿನೊಡನೆ ಊರೂರು ಸುತ್ತಿ, ತಮಗೆ ಸಂಬಂಧಿಸಿದ ಮನೆಗಳ ಮುಂದೆ ನಿಂತು ಆ ಮನೆಯ ತಲೆಮಾರುಗಳನ್ನು ಹೇಳಿ ಕಾಣಿಕೆ ಪಡೆಯುತ್ತಾರೆ. ಹುಟ್ಟು, ಮದುವೆ, ವಲಸೆಗಳ ವಿವರವನ್ನು ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುವವರೂ ಅವರಲ್ಲಿದ್ದಾರೆ. ಅವರ ಬಾಯಲ್ಲಿ ಒಕ್ಕಲು ಮನೆಗಳಿಗೂ ಚರಿತ್ರೆಯುಂಟು. ಆದರೆ ಹೇಳುವವನಿಗೆ ಕೇಳುವ ಮನೆಯ ಔದಾರ್ಯ ಬೇಕು ಎಂಬುದನ್ನು ಮರೆಯಲಾಗದು. ತಾಮ್ರಪಟಗಳಿಗೇ ಈ ದೋಷ ತಪ್ಪಿಲ್ಲ. ಗಂಗರ ಹೆಸರಿನ ಹಲವು ತಾಮ್ರಶಾಸನಗಳ ಲಿಪಿ, ಕಾಲಸೂಚನೆಗಳನ್ನು ಪರಿಶೀಲಿಸಿ ಜೆ. ಎಫ್. ಫ್ಲೀಟ್ ಅವುಗಳನ್ನು ಕೂಟಶಾಸನಗಳೆಂದು ಸಾರಿದಾಗ ರೈಸ್ ಅವರೊಡನೆ ದೀರ್ಘವಾದ ವಾದವೇ ನಡೆಯಿತು. ರಾಜವಂಶದ ವಿಚಾರದಲ್ಲಿ ವಿದ್ವಾಂಸರು ತೋರಿದ ಆ ಸಂಶಯವನ್ನು ಮನೆತನದ ವಿಚಾರದಲ್ಲಿಯೂ ತೋರಬೇಕು. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮ ರೂಢಿಯಿಂದಾಗಿ ಬೇರೆ ಬೇರೆ ತಲೆಮಾರುಗಳ ಇಬ್ಬರು ಒಬ್ಬನೇ ಎಂದು ಭಾಸವಾಗುವುದುಂಟು. ಹೊಯ್ಸಳ ದಂಡನಾಯಕ ಗಂಗರಾಜನ ತಂದೆಯ ಹೆಸರು ಏಚ. ಅವನ ಅಣ್ಣನ ಮಗನ ಹೆಸರೂ ಏಚ. ಶ್ರವಣಬೆಳಗೊಳದ ಶಾಸನಗಳು ಸಂಬಂಧವನ್ನು ಬಿಡಿಸಿ ಹೇಳಿರುವುದರಿಂದ ಅಲ್ಲಿ ಗೊಂದಲವಿಲ್ಲ. ಕಂದಾಯ ಪುಸ್ತಕದಲ್ಲಿ ಅಂತಹ ವಿವರವಿಲ್ಲದಾಗ ಸರ್ವೆ ಸಂಖ್ಯೆ, ಹೆಂಡತಿಯ ಹೆಸರು, ನೆರೆಹೊಲದವರ ಹೆಸರುಗಳಿಂದಲೇ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಬೇಕಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದ ಶಿಸ್ತು ಬಿಟ್ಟ ಸ್ಥಳವನ್ನು ಬಿಟ್ಟೇ ಇಡುವುದು. 1151ರ ಕೈದಾಳದ ಶಾಸನಕ್ಕೂ 1863ರ ಸರ್ವೆಗೂ ನಡುವೆ ಏಳು ಶತಮಾನಗಳಿವೆ. ಈ ಅವಧಿಯಲ್ಲಿ ರಾಜ್ಯಗಳು ಬಿದ್ದವು, ಬರಗಾಲಗಳು ಬಂದವು, ಜನ ಊರು ಬಿಟ್ಟರು, ಮತ ಬದಲಿಸಿದರು. ಇಂದಿನ ಒಂದು ಮನೆತನವನ್ನು ಅಂದಿನ ಸಾಮಂತನಿಗೋ ದಂಡನಾಯಕನಿಗೋ ಒಂದೇ ಗೆರೆಯಿಂದ ಸೇರಿಸುವ ಆಸೆ ಎಲ್ಲ ಸಮುದಾಯಗಳಲ್ಲಿಯೂ ಇದೆ. ಜೈನರು ಇದಕ್ಕೆ ಹೊರತಲ್ಲ. ಆ ಗೆರೆಯನ್ನು ಎಳೆದ ಕ್ಷಣದಲ್ಲಿ ದಾಖಲೆ ಹೇಳಿದ್ದ ನಿಜ ಮರೆಯಾಗುತ್ತದೆ. ದಾಖಲೆಗಳು ತೋರಿಸುವುದು ಬೆರೆತ ಮನೆಗಳನ್ನು: ಶೈವ ತಂದೆಯ ಜೈನ ಮಗಳನ್ನು, ವೈದಿಕ ಮುತ್ತಾತನ ಜೈನ ಮರಿಮಗನನ್ನು, ಎಲ್ಲ ದೇವರ ಗುಡಿಗಳ ನಡುವೆ ಹೆಂಡತಿಗಾಗಿ ಜಿನಾಲಯ ಕಟ್ಟಿಸಿದ ಸಾಮಂತನನ್ನು. ಶುದ್ಧವಾದ ಒಂದೇ ಧಾರೆಯನ್ನು ಹುಡುಕಿ ಹೊರಟವನಿಗೆ ಊರ ಪತ್ರಾಗಾರ ನಿರಾಸೆಯನ್ನೇ ಕೊಡುತ್ತದೆ.

ಕೈದಾಳದ ಜನ ಹೇಳುವ ಕಥೆಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಕೇಳಬಹುದು. ಜಕಣಾಚಾರಿ ಮನೆ ಬಿಟ್ಟು ಹೋದನು. ಮಗ ಡಂಕಣ ತಂದೆಯನ್ನು ಅರಸುತ್ತ ಬೇಲೂರಿಗೆ ಬಂದನು. ತಂದೆಯೆಂದು ಅರಿಯದೆಯೇ ಅವನು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದನು. ಕಲ್ಲಿ‌ನೊಳಗಿಂದ ಕಪ್ಪೆ ಹೊರಬಂದ ಮೇಲೆ ಸಂಬಂಧ ತಿಳಿಯಿತು. ಸೋತ ತಂದೆ ಕತ್ತರಿಸಿಕೊಂಡ ಕೈ ಹುಟ್ಟೂರಿನ ಗುಡಿಯನ್ನು ಕಟ್ಟಿದ ಮೇಲೆ ಮರಳಿ ಬಂತು, ಊರು ಕೈದಾಳವಾಯಿತು. ಶಾಸನ ಹೇಳುವುದು ಬಾಚಿಯ ಮಾತನ್ನು, ಊರು ಹೇಳುವುದು ಶಿಲ್ಪಿಯ ಮಾತನ್ನು. ಹಣ ಕೊಟ್ಟವನ ಹೆಸರು ಕಲ್ಲಿನಲ್ಲಿ ನಿಂತಾಗ ಕೈ ದುಡಿದವನ ನೆನಪನ್ನು ಕಥೆ ಉಳಿಸಿಕೊಂಡಿತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರುಗಳನ್ನು ತಾವೇ ಕೆತ್ತಿಕೊಂಡರು. ಹಾಗೆ ಕೆತ್ತಿಕೊಳ್ಳದ ನೂರಾರು ತಂದೆಮಕ್ಕಳ ಪರವಾಗಿ ಈ ಕಥೆ ಮಾತನಾಡುತ್ತದೆ. ಚರಿತ್ರೆಯೆಂದು ಇದನ್ನು ಒಪ್ಪಲಾಗದಿದ್ದರೂ ಚರಿತ್ರೆಯಿಂದ ಹೊರಗಿಡಲೂ ಆಗದು.

ತಾಲ್ಲೂಕು ದಾಖಲೆ ಕೊಠಡಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಿಂದ ನಡೆದಿರುವುದು ಸಂತೋಷದ ವಿಷಯ. ಆದರೆ ಅದು ತಲುಪುವುದು ಸರ್ಕಾರದ ಕಾಗದಗಳನ್ನು ಮಾತ್ರ. ಅಟ್ಟದ ಮೇಲಿನ ಕಡತ, ದೇವರ ಮನೆಯ ಓಲೆಗಟ್ಟು, ಬಡಾವಣೆಯಾಗಿ ಬದಲಾದ ಹೊಲದ ಹಳೆಯ ಹೆಸರು, ತವರು ಯಾವುದೆಂದು ಅಜ್ಜಿಯೊಬ್ಬಳಿಗೆ ಮಾತ್ರ ಗೊತ್ತಿರುವ ಮುತ್ತಜ್ಜಿಯ ಹೆಸರು, ಇವು ಯಾವ ಯೋಜನೆಗೂ ಸೇರಿಲ್ಲ. ಮರಳೂರಿನಂತಹ ಊರುಗಳಲ್ಲಿ ಇವನ್ನು ಹೇಳಬಲ್ಲ ತಲೆಮಾರು ಈಗ ಮುಪ್ಪಿನಲ್ಲಿದೆ. ಸಾಹಿತ್ಯ, ಚರಿತ್ರೆಗಳ ವಿದ್ಯಾರ್ಥಿಯೊಬ್ಬ ತನ್ನ ಊರಿನ ಹತ್ತು ಹೊಲಗಳ ಹೆಸರನ್ನು ಸರ್ವೆ ಸಂಖ್ಯೆಯೊಡನೆ ಬರೆದಿಟ್ಟರೆ, ಪ್ರತಿ ಹೆಸರನ್ನು ಯಾರಿಂದ, ಎಂದು ಕೇಳಿದ್ದು ಎಂಬುದನ್ನು ನಮೂದಿಸಿದರೆ, ಮನೆಯ ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಣ್ಣುಮಕ್ಕಳ ಹೆಸರುಗಳನ್ನು ತವರಿನೊಡನೆ ಸೇರಿಸಿದರೆ, ತಿಳಿಯದ ಕಡೆ ಗೆರೆ ಎಳೆಯದೆ ಖಾಲಿ ಬಿಟ್ಟರೆ, ಅಷ್ಟೇ ಒಂದು ಗ್ರಾಮದ ಪತ್ರಾಗಾರದ ಆರಂಭ. ಭೀಮಲೆಯ ಹೆಸರನ್ನು ಎಂಟುನೂರ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಯ್ದದ್ದು ಒಂದು ಕಲ್ಲು. ಆ ಕಲ್ಲಿನ ಮೇಲೆ ಅವಳ ಹೆಸರನ್ನು ಬರೆಯಬೇಕೆಂದು ಒಬ್ಬರಿಗೆ ಅನ್ನಿಸಿದ್ದರಿಂದ ಮಾತ್ರ ಅದು ಉಳಿಯಿತು.